ಕೊನೆಗೆ ಉಳಿಯುವವರ ಲೆಕ್ಕ

ನಿವೃತ್ತಿಯ ವಯಸ್ಸು ಹತ್ತಿರವಾದಂತೆ ಸಂಬಳದ ಮನೆಗಳಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಪಿಎಫ್ ಎಷ್ಟು ಬರುತ್ತದೆ, ಗ್ರಾಚ್ಯುಟಿ ಎಷ್ಟು, ಎಫ್‌ಡಿಯಲ್ಲಿ ಎಷ್ಟಿದೆ, ಮನೆ ಸಾಲ ಇನ್ನೆಷ್ಟು ಬಾಕಿ ಎಂದು ಕೂಡಿ ಕಳೆದು, ಬಂದ ಇಡುಗಂಟಿಗೆ ಬ್ಯಾಂಕಿನ ಬಡ್ಡಿ ಕಟ್ಟಿ ನೋಡುತ್ತಾರೆ. ಆ ಬಡ್ಡಿ ಈಗಿನ ತಿಂಗಳ ಖರ್ಚಿಗೆ ಸಾಲುವಂತಿದ್ದರೆ ಸಮಾಧಾನ. ಈ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪೇನೂ ಇರುವುದಿಲ್ಲ. ಅದು ಯಾರ ವಯಸ್ಸಿನಿಂದ ಆರಂಭವಾಗುತ್ತದೆ, ಯಾರ ಆಯುಸ್ಸಿಗೆ ನಿಲ್ಲುತ್ತದೆ ಎಂಬಲ್ಲಿ ತಪ್ಪಿದೆ. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಅದು ಗಂಡ ಕೆಲಸ ಬಿಡುವ ದಿನದಿಂದ ಹೊರಟು ಗಂಡನ ಆಯುಸ್ಸಿಗೇ ಮುಗಿದುಹೋಗುತ್ತದೆ. ಆದರೆ ಕೂಡಿಟ್ಟ ಹಣಕ್ಕೆ ನಿಜವಾದ ಪರೀಕ್ಷೆ ಬರುವುದು ಆಮೇಲೆ, ಇಬ್ಬರಲ್ಲಿ ಒಬ್ಬರೇ ಉಳಿದಾಗ. ಹೆಚ್ಚಿನ ಮನೆಗಳಲ್ಲಿ ಹಾಗೆ ಉಳಿಯುವವರು ಹೆಂಡತಿ. ಆದ್ದರಿಂದ ನಿವೃತ್ತಿಯಾಗಲು ಕಾಲ ಬಂತೇ ಎಂಬುದನ್ನು ಹೆಂಡತಿಯ ಕೊನೆಯ ಹತ್ತು ವರ್ಷಗಳ ಖರ್ಚಿನಿಂದ ಹಿಂದಕ್ಕೆ ಎಣಿಸಿ ನಿರ್ಧರಿಸಬೇಕು ಎಂಬುದು ನನ್ನ ವಾದ.

ಇದಕ್ಕೆ ಮೊದಲ ಆಧಾರ ಜನಸಂಖ್ಯೆಯ ಅಂಕಿಗಳಲ್ಲಿದೆ. ನಮ್ಮ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 70ರ ಆಸುಪಾಸು. ಇದನ್ನು ಕೇಳಿದವರು 60ಕ್ಕೆ ನಿವೃತ್ತರಾದರೆ ಇನ್ನು ಹತ್ತು ವರ್ಷಕ್ಕೆ ಹಣ ಸಾಕು ಎಂದುಕೊಳ್ಳುವುದುಂಟು. ಅದು ಸರಿಯಲ್ಲ. ಚಿಕ್ಕಂದಿನಲ್ಲಿ, ನಡುವಯಸ್ಸಿನಲ್ಲಿ ತೀರಿಕೊಂಡವರೆಲ್ಲ ಆ ಸರಾಸರಿಯನ್ನು ಕೆಳಗೆಳೆದಿರುತ್ತಾರೆ. 60 ದಾಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಹೆಂಗಸರಿಗೆ ಗಂಡಸರಿಗಿಂತ ಒಂದೆರಡು ವರ್ಷ ಹೆಚ್ಚು. ಸರಾಸರಿ ಎಂದ ಮೇಲೆ ಅದನ್ನು ದಾಟಿ ಬದುಕುವವರೂ ಅಷ್ಟೇ ದೊಡ್ಡ ಸಂಖ್ಯೆಯಲ್ಲಿರುತ್ತಾರೆ. ಇದರ ಮೇಲೆ, ಈಗ ನಿವೃತ್ತಿಯ ಹೊಸ್ತಿಲಲ್ಲಿರುವ ತಲೆಮಾರಿನಲ್ಲಿ ಗಂಡ ಹೆಂಡತಿಗಿಂತ ನಾಲ್ಕೈದು ವರ್ಷವಾದರೂ ದೊಡ್ಡವನಾಗಿರುವುದು ವಾಡಿಕೆ. ಎರಡನ್ನೂ ಸೇರಿಸಿದರೆ ಹೆಂಡತಿ ಒಬ್ಬಳೇ ಕಳೆಯಬೇಕಾದ ವರ್ಷಗಳು ಐದಾರಕ್ಕೆ ಕಡಿಮೆಯಿಲ್ಲ, ಎಷ್ಟೋ ಕಡೆ ಹದಿನೈದಕ್ಕೂ ಹೋಗುತ್ತವೆ. 2011ರ ಜನಗಣತಿಯಲ್ಲಿ 60 ದಾಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವಿಧವೆಯರಾಗಿದ್ದರು. ಗಂಡಸರಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದವರು ಸುಮಾರು ಏಳರಲ್ಲಿ ಒಬ್ಬರು. ಮುಪ್ಪಿನಲ್ಲಿ ಒಂಟಿಯಾಗಿ ಉಳಿಯುವುದು ಹೆಂಗಸರ ಪಾಲಿಗೆ ಅಪರೂಪದ ದುರದೃಷ್ಟವಲ್ಲ, ಸಾಮಾನ್ಯ ಸ್ಥಿತಿ. ಹಣದ ಲೆಕ್ಕ ಅದನ್ನೇ ಕಣ್ಣಮುಂದೆ ಇಟ್ಟುಕೊಳ್ಳಬೇಕು.

ಈಗ ಒಂದು ಸಾಧಾರಣ ಮನೆಯನ್ನು ತೆಗೆದುಕೊಳ್ಳೋಣ. ಗಂಡನಿಗೆ 60, ಹೆಂಡತಿಗೆ 55. ಸ್ವಂತ ಮನೆ ಇದೆ, ತಿಂಗಳ ಖರ್ಚು 40 ಸಾವಿರ, ಕೈಯಲ್ಲಿ 80 ಲಕ್ಷ. ಅದನ್ನು ಶೇ. 7ರ ಬಡ್ಡಿಗೆ ಇಟ್ಟರೆ ತಿಂಗಳಿಗೆ 46 ಸಾವಿರಕ್ಕೂ ಹೆಚ್ಚು ಬರುತ್ತದೆ. ಅಸಲು ಮುಟ್ಟದೆಯೇ ಬದುಕು ಸಾಗುವಂತೆ ಕಾಣುತ್ತದೆ. ಆದರೆ ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಖರ್ಚು 12 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇಂದಿನ 40 ಸಾವಿರ ಹನ್ನೆರಡನೇ ವರ್ಷಕ್ಕೆ 80 ಸಾವಿರ, ಇಪ್ಪತ್ನಾಲ್ಕನೇ ವರ್ಷಕ್ಕೆ 1.6 ಲಕ್ಷ. ರಿಸರ್ವ್ ಬ್ಯಾಂಕಿನ ಗುರಿ ಶೇ. 4 ಇರಬಹುದು, ಆದರೆ ಅದರ ಸಹನೆಯ ಮೇಲಿನ ಗೆರೆ ಶೇ. 6. ಮುದುಕರ ಖರ್ಚಿನಲ್ಲಿ ಔಷಧಿ, ಆಸ್ಪತ್ರೆ, ಮನೆಗೆಲಸದವರ ಸಂಬಳದ ಪಾಲೇ ದೊಡ್ಡದಾದ್ದರಿಂದ ಆ ಮೇಲಿನ ಗೆರೆಯನ್ನು ಹಿಡಿಯುವುದೇ ಕ್ಷೇಮ. ಹೀಗೆ ಮೊದಲ ಎರಡು ಮೂರು ವರ್ಷ ಬಡ್ಡಿ ಸಾಲುತ್ತದೆ, ಆಮೇಲೆ ಅಸಲಿಗೆ ಕೈ ಹಾಕಬೇಕಾಗುತ್ತದೆ, ಅಸಲು ಕರಗಿದಷ್ಟೂ ಬಡ್ಡಿ ಇಳಿಯುತ್ತದೆ. ಪೂರ್ತಿ ಲೆಕ್ಕ ಹಾಕಿದರೆ 80 ಲಕ್ಷ ಸುಮಾರು ಹದಿನೆಂಟನೇ ವರ್ಷಕ್ಕೆ ಖಾಲಿ. ಆಗ ಗಂಡನಿಗೆ 78. ಸರಾಸರಿಯ ಪ್ರಕಾರ ಅವನ ಆಯುಸ್ಸಿಗೆ ಹಣ ಸರಿಯಾಗಿ ಹೊಂದಿಕೊಂಡಿತು. ಹೆಂಡತಿಗೆ ಆಗ 73. ಅವಳ ಮುಂದೆ ಇನ್ನೂ ಹತ್ತು ಹದಿನೇಳು ವರ್ಷ ಇರಬಹುದು, ಗಂಟು ಮಾತ್ರ ಇಲ್ಲ. ಗಂಡನ ಲೆಕ್ಕ ತಪ್ಪದೆಯೇ ಹೆಂಡತಿ ಬರಿಗೈಯಾಗುವುದು ಹೀಗೆ.

ಹಾಗಾದರೆ ಎಷ್ಟು ಬೇಕು? ಹೆಂಡತಿ 90ರವರೆಗೆ ಬದುಕುತ್ತಾಳೆ ಎಂದು ಎಣಿಸಿದರೆ ಹಣ 35 ವರ್ಷ ಬಾಳಬೇಕು. ಬಡ್ಡಿಯೂ ಬೆಲೆ ಏರಿಕೆಯೂ ಸಮಸಮನಾಗಿ ಓಡಿದರೆ ಲೆಕ್ಕ ಬಾಯಲ್ಲೇ ಆಗುತ್ತದೆ: ಒಂದು ವರ್ಷದ ಖರ್ಚಿನ 35 ಪಟ್ಟು. 4.8 ಲಕ್ಷಕ್ಕೆ 35 ಪಟ್ಟು ಎಂದರೆ 1.68 ಕೋಟಿ. ಗಳಿಕೆ ಬೆಲೆ ಏರಿಕೆಗಿಂತ ವರ್ಷಕ್ಕೆ ಶೇ. 1ರಷ್ಟು ಮುಂದಿದ್ದರೆ 30 ಪಟ್ಟಿನ ಹತ್ತಿರ ಸಾಕು, ಶೇ. 2ರಷ್ಟು ಮುಂದಿದ್ದರೆ 25 ಪಟ್ಟು. ಒಬ್ಬರು ಇಲ್ಲವಾದ ಮೇಲೆ ಖರ್ಚು ಅರ್ಧವಾಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಮನೆ ಕಂದಾಯ, ನೀರು, ಕರೆಂಟು, ರಿಪೇರಿ ಒಬ್ಬರಿಗೂ ಅಷ್ಟೇ. ಗಂಡ ಮಾಡುತ್ತಿದ್ದ ಹೊರಗಿನ ಓಡಾಟಕ್ಕೆ ಈಗ ಆಟೋ ಬೇಕು, 80ರ ನಂತರ ರಾತ್ರಿ ಜೊತೆಗಿರಲು ಒಬ್ಬರು ಬೇಕಾಗಬಹುದು. ಇಬ್ಬರಿದ್ದಾಗ ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಮಾಡುವ ಆರೈಕೆಯನ್ನು ಒಂಟಿಯಾದವರು ದುಡ್ಡು ಕೊಟ್ಟು ಪಡೆಯಬೇಕು. ಅಲ್ಲಿ ಉಳಿದದ್ದು ಇಲ್ಲಿ ಸರಿಹೋಗುತ್ತದೆ ಎಂದಿಟ್ಟುಕೊಳ್ಳುವುದೇ ವಾಸಿ.

ಪಿಂಚಣಿ ಇದೆಯಲ್ಲ ಎನ್ನುವವರು ಅದರ ಬೆಲೆಯನ್ನು ಸರಿಯಾಗಿ ಅಳೆಯಬೇಕು. ಹಳೆಯ ಪದ್ಧತಿಯ ಸರ್ಕಾರಿ ಪಿಂಚಣಿ ಇರುವವರ ಸ್ಥಿತಿ ಬೇರೆ. ಅದು ತುಟ್ಟಿಭತ್ಯೆಯ ಜೊತೆ ಏರುತ್ತದೆ, ಕುಟುಂಬ ಪಿಂಚಣಿಯೂ ಇದೆ. ರಾಜ್ಯ ಸರ್ಕಾರಿ ನೌಕರಿಗೆ 2006ರ ಏಪ್ರಿಲ್ 1ರ ನಂತರ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಬಂದರು, ಖಾಸಗಿ ನೌಕರರಿಗೆ ಇರುವುದು ಪಿಎಫ್ ಜೊತೆಗಿನ 1995ರ ನೌಕರರ ಪಿಂಚಣಿ ಯೋಜನೆ. ಇದರ ಸೂತ್ರ ಸರಳ: ಪಿಂಚಣಿಗೆ ಲೆಕ್ಕವಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳದ ಮಿತಿ 15 ಸಾವಿರವಾದ್ದರಿಂದ 35 ವರ್ಷ ದುಡಿದವರಿಗೂ ಬರುವುದು ತಿಂಗಳಿಗೆ 7,500. ಅದು ಬೆಲೆಯ ಜೊತೆ ಏರುವುದಿಲ್ಲ. ಸದಸ್ಯ ತೀರಿಕೊಂಡ ಮೇಲೆ ಹೆಂಡತಿಗೆ ಅದರ ಅರ್ಧ. 2014ರಿಂದ ಕನಿಷ್ಠ 1,000 ಎಂಬ ಗೆರೆ ಇದೆ, ಅಷ್ಟೇ. 35 ವರ್ಷಕ್ಕೆ 7,500ರಂತೆ 31.5 ಲಕ್ಷ ಬರುತ್ತದೆ, ಗಂಟಿನಲ್ಲಿ ಅಷ್ಟು ಕಡಿಮೆಯಾದರೂ ನಡೆದೀತು ಎಂದು ತೋರಬಹುದು. ಶೇ. 6ರ ಬೆಲೆ ಏರಿಕೆಯನ್ನೂ ಇಪ್ಪತ್ತನೇ ವರ್ಷದಲ್ಲಿ ಪಿಂಚಣಿ ಅರ್ಧವಾಗುವುದನ್ನೂ ಹಿಡಿದರೆ ಅದರ ಇಂದಿನ ಬೆಲೆ ಸುಮಾರು 12 ಲಕ್ಷ ಮಾತ್ರ. ಈ ವಿಷಯದಲ್ಲಿ ಅಟಲ್ ಪಿಂಚಣಿ ಯೋಜನೆಯ ನಿಯಮ ಹೆಚ್ಚು ಮಾನವೀಯವಾಗಿದೆ. ಮೊತ್ತ 1,000ದಿಂದ 5,000, ಅದೂ ಏರುವುದಿಲ್ಲ. ಆದರೆ ಚಂದಾದಾರರು ತೀರಿಕೊಂಡರೆ ಗಂಡನಿಗೋ ಹೆಂಡತಿಗೋ ಅಷ್ಟೇ ಪಿಂಚಣಿ ಪೂರ್ತಿಯಾಗಿ ಮುಂದುವರಿಯುತ್ತದೆ. ಎನ್‌ಪಿಎಸ್‌ನಲ್ಲಿ ವರ್ಷಾಸನ ಕೊಳ್ಳುವಾಗಲೂ ಈ ಆಯ್ಕೆ ಕೈಯಲ್ಲಿದೆ. ತನ್ನ ಜೀವಮಾನಕ್ಕಷ್ಟೇ ಬರುವ ವರ್ಷಾಸನ ತಿಂಗಳಿಗೆ ಹೆಚ್ಚು ಕೊಡುತ್ತದೆ. ತಾನು ಹೋದ ಮೇಲೆ ಸಂಗಾತಿಗೆ ನೂರಕ್ಕೆ ನೂರು ಮುಂದುವರಿಯುವಂಥದ್ದು ಸ್ವಲ್ಪ ಕಡಿಮೆ ಕೊಡುತ್ತದೆ. ಹೆಚ್ಚಿನ ಮೊತ್ತದ ಆಸೆಗೆ ಮೊದಲನೆಯದನ್ನು ಆರಿಸಿದರೆ ಆ ಹೆಚ್ಚುವರಿ ರೂಪಾಯಿಗಳನ್ನು ಹೆಂಡತಿಯ ಮುಪ್ಪಿನಿಂದ ಇಂದೇ ತೆಗೆದು ಖರ್ಚು ಮಾಡಿದಂತಾಗುತ್ತದೆ. ಒಮ್ಮೆ ಆರಿಸಿದ ಮೇಲೆ ಬದಲಾಯಿಸುವುದು ಸಾಮಾನ್ಯವಾಗಿ ಆಗದ ಮಾತು.

ಹಣಕಾಸು ಬಲ್ಲವರ ಆಕ್ಷೇಪ ಬೇರೆ. ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕೆಂಬುದು ಪ್ರಪಂಚವೇ ಒಪ್ಪಿದ ಸೂತ್ರ, 35 ಪಟ್ಟು ಎಂದು ಯಾಕೆ ಹೆದರಿಸುತ್ತೀರಿ ಎನ್ನುತ್ತಾರೆ. ಆ ಸೂತ್ರ ಎಲ್ಲಿಂದ ಬಂತೆಂದು ನೋಡಬೇಕು. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್, 1926ರಿಂದೀಚೆಗಿನ ಅಲ್ಲಿನ ಷೇರು ಮತ್ತು ಬಾಂಡುಗಳ ಗಳಿಕೆಯನ್ನು ಪರಿಶೀಲಿಸಿ, ಮೊದಲ ವರ್ಷ ಗಂಟಿನ ಶೇ. 4ರಷ್ಟನ್ನು, ಅಂದರೆ 25ರಲ್ಲಿ ಒಂದು ಪಾಲನ್ನು, ತೆಗೆದು ಮುಂದೆ ಬೆಲೆ ಏರಿದಂತೆ ಅದನ್ನು ಏರಿಸುತ್ತ ಹೋದರೆ ಗಂಟು 30 ವರ್ಷ ಉಳಿಯುತ್ತದೆ ಎಂದು ತೋರಿಸಿದರು. ಅದು ಆ ದೇಶದ ಮಾರುಕಟ್ಟೆಯ ಚರಿತ್ರೆ. ಅವಧಿ 30 ವರ್ಷ. ಗಂಟಿನ ಅರ್ಧ ಭಾಗಕ್ಕೆ ಕಡಿಮೆಯಿಲ್ಲದಂತೆ ಷೇರಿನಲ್ಲಿರಬೇಕೆಂಬುದು ಅವರ ಸಲಹೆಯಾಗಿತ್ತು. ಎಲ್ಲ ಹಣವನ್ನೂ ಎಫ್‌ಡಿಯಲ್ಲಿಟ್ಟು ಅವರ 25 ಪಟ್ಟನ್ನು ಮಾತ್ರ ಎರವಲು ತಂದರೆ ಒಂದಕ್ಕೊಂದು ಹೊಂದುವುದಿಲ್ಲ. ನಮ್ಮ 35 ವರ್ಷಕ್ಕೆ 25 ಪಟ್ಟು ಸಾಲಬೇಕಾದರೆ ಪ್ರತಿ ವರ್ಷ ಬೆಲೆ ಏರಿಕೆಗಿಂತ ಶೇ. 2ರಷ್ಟು ಹೆಚ್ಚು ಗಳಿಸಲೇಬೇಕು. ತೆರಿಗೆ ಕಳೆದ ಎಫ್‌ಡಿ ಬಡ್ಡಿ ಅಷ್ಟು ಕೊಡುವುದಿಲ್ಲ. ಆದ್ದರಿಂದ ಗಂಟಿನ ಒಂದು ಪಾಲು, ಮೂರನೇ ಒಂದರ ಆಸುಪಾಸು ಎಂದುಕೊಳ್ಳಿ, ಷೇರು ಆಧಾರಿತ ಮ್ಯೂಚುವಲ್ ಫಂಡಿನಲ್ಲಿ ಇರುವುದು 60ರಲ್ಲೂ ಅಗತ್ಯವೇ. ಷೇರಿನ ಭಯ ಸುಳ್ಳಲ್ಲ. 2008ರ ಜನವರಿಯಲ್ಲಿ 21 ಸಾವಿರದ ಹತ್ತಿರವಿದ್ದ ಸೆನ್ಸೆಕ್ಸ್ ಅದೇ ವರ್ಷ 9 ಸಾವಿರದ ಕೆಳಗೆ ಬಿತ್ತು. ನಿವೃತ್ತಿಯ ಮೊದಲ ವರ್ಷಗಳಲ್ಲೇ ಹಾಗಾಗಿ, ಮನೆಖರ್ಚಿಗೆಂದು ಬಿದ್ದ ಬೆಲೆಗೆ ಮಾರಬೇಕಾಗಿ ಬಂದರೆ ಆಮೇಲೆ ಮಾರುಕಟ್ಟೆ ಎಷ್ಟೇ ಏರಿದರೂ ಮಾರಿದ ಪಾಲು ವಾಪಸ್ಸು ಬರುವುದಿಲ್ಲ. ಅದಕ್ಕೇ ಐದಾರು ವರ್ಷದ ಖರ್ಚು ಭದ್ರ ಠೇವಣಿಯಲ್ಲಿ ಬೇರೆಯಾಗಿರಬೇಕು. ಹೆಂಡತಿಯ ಕೊನೆಯ ಹತ್ತು ವರ್ಷಗಳಿಗೆಂದು ಇಟ್ಟ ಹಣಕ್ಕೆ 25 ವರ್ಷ ಕೈ ಹಚ್ಚುವ ಅವಸರವಿಲ್ಲ; ಏರಿಳಿತವನ್ನು ತಡೆದುಕೊಳ್ಳುವ ಶಕ್ತಿ ಇರುವುದು ಆ ಪಾಲಿಗೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮಕ್ಕಳದು. ಹೆತ್ತ ತಾಯಿಯನ್ನು ಮಗ ಮಗಳು ನೋಡಿಕೊಳ್ಳುವುದಿಲ್ಲವೇ, ಎಲ್ಲವನ್ನೂ ದುಡ್ಡಿನಲ್ಲಿ ಅಳೆಯಬೇಕೇ? ನೋಡಿಕೊಳ್ಳುವ ಮಕ್ಕಳೇ ಹೆಚ್ಚು ಎಂದು ನಾನೂ ನಂಬುತ್ತೇನೆ. ಆದರೆ ವಯಸ್ಸುಗಳನ್ನು ಎದುರುಬದುರು ಇಟ್ಟು ನೋಡಿ. 27ನೇ ವಯಸ್ಸಿನಲ್ಲಿ ಹೆತ್ತ ತಾಯಿಗೆ 83 ಆಗುವಾಗ ಮಗನಿಗೆ 56. ಅವನ ಮಕ್ಕಳ ಓದಿನ ಸಾಲ, ಮದುವೆಯ ಖರ್ಚು ಒಂದು ಕಡೆ, ತನ್ನದೇ ನಿವೃತ್ತಿಯ ಗಂಟು ಇನ್ನೊಂದು ಕಡೆ ಎಳೆಯುತ್ತಿರುವ ಹೊತ್ತು ಅದು. ಖಾಸಗಿ ಕಂಪನಿಯಲ್ಲಿದ್ದರೆ ಆ ವಯಸ್ಸಿಗೆ ಕೆಲಸವೇ ಉಳಿದಿರುತ್ತದೆಂಬ ಖಾತ್ರಿಯಿಲ್ಲ. ತಾಯಿಯ ಖರ್ಚು ಶಿಖರಕ್ಕೇರುವ ವರ್ಷಗಳು ಮಗನ ಕೈ ಬಿಗಿಯಾಗುವ ವರ್ಷಗಳೇ ಆಗಿರುತ್ತವೆ. ಪ್ರೀತಿ ಇದ್ದೂ ಶಕ್ತಿ ಇಲ್ಲದಿರುವ ಸಂದರ್ಭ ಇದು. 2007ರ ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆ ಮಕ್ಕಳ ಮೇಲೆ ಕರ್ತವ್ಯವನ್ನು ಹೊರಿಸಿದೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡುವ ಹಕ್ಕೂ ಇದೆ. ಆದರೆ ಮಗನ ಮೇಲೆ ಅರ್ಜಿ ಬರೆಯುವ ಸ್ಥಿತಿಗೆ ಯಾವ ತಾಯಿಯೂ ಮುಟ್ಟಬಾರದು. ತಾಯಿಯ ಊಟ, ಔಷಧಿಗೆ ಅವಳದೇ ಹಣವಿದ್ದರೆ ಮಕ್ಕಳು ಕೊಡಬೇಕಾದದ್ದು ಸಮಯ ಮತ್ತು ಸಾಂಗತ್ಯ ಮಾತ್ರ. ಅವಳಿಗೆ ಬೇಕಾಗಿರುವುದೂ ಅದೇ.

ಮನೆ ಇದೆ, ಸೈಟಿದೆ, ಅದೇ ಕೋಟಿ ಬಾಳುತ್ತದೆ ಎಂಬ ಧೈರ್ಯ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಸಾಮಾನ್ಯ. ವಾಸದ ಮನೆಯ ಒಂದು ಕೋಣೆಯನ್ನು ಮಾರಿ ಔಷಧಿ ತರಲಾಗುವುದಿಲ್ಲ; ಬಾಡಿಗೆಗೆ ಕೊಟ್ಟ ಮನೆಯೂ ತನ್ನ ಬೆಲೆಯ ಶೇ. 2ರಿಂದ 3ರಷ್ಟನ್ನಷ್ಟೇ ವರ್ಷಕ್ಕೆ ತರುತ್ತದೆ. ಮನೆಯನ್ನು ಅಡವಿಟ್ಟು ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ 2007ರಿಂದಲೂ ಇದೆ, ಅದನ್ನು ಬಳಸಿದವರು ತೀರಾ ಕಡಿಮೆ. ಇದಕ್ಕಿಂತ ಗಂಭೀರವಾದದ್ದು ಹಕ್ಕಿನ ಪ್ರಶ್ನೆ. ಗಂಡ ತಾನೇ ಸಂಪಾದಿಸಿ ತನ್ನ ಹೆಸರಿನಲ್ಲಿ ಕಟ್ಟಿಸಿದ ಮನೆಗೆ ವಿಲ್ ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅದು ಹೆಂಡತಿ, ಪ್ರತಿಯೊಬ್ಬ ಮಗ, ಮಗಳು, ಬದುಕಿದ್ದರೆ ಗಂಡನ ತಾಯಿ, ಇಷ್ಟು ಜನಕ್ಕೆ ಸಮಪಾಲಾಗುತ್ತದೆ. ಮೂವರು ಮಕ್ಕಳಿದ್ದರೆ ಹೆಂಡತಿಗೆ ಕಾಲು ಭಾಗ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಕ್ಕಳಿರುವ ವಿಧವೆಗೆ ಎಂಟರಲ್ಲಿ ಒಂದು ಪಾಲು, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಕ್ಕಳಿದ್ದರೆ ಮೂರರಲ್ಲಿ ಒಂದು. ಮನೆ ಮಾರಿ ಸಣ್ಣ ಮನೆಗೆ ಹೋಗುತ್ತೇನೆಂದರೆ ಎಲ್ಲರ ಸಹಿ ಬೇಕು, ಒಬ್ಬ ಮಗ ವಿದೇಶದಲ್ಲಿದ್ದರೆ ಅಲ್ಲಿಂದ ಪವರ್ ಆಫ್ ಅಟಾರ್ನಿ ಬರಬೇಕು. ನಾಮಿನಿ ಮಾಡಿದ್ದೇನೆ, ಸಾಕು ಎನ್ನುವವರೂ ಇದ್ದಾರೆ. ನಾಮಿನಿಯಾದವರು ಹಣವನ್ನು ಕೈಗೆ ಪಡೆಯುತ್ತಾರೆ, ಅಷ್ಟರಿಂದಲೇ ಒಡೆಯರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ವಿಮೆಯ ವಿಷಯದಲ್ಲಿ 1983ರಲ್ಲೂ ಷೇರುಗಳ ವಿಷಯದಲ್ಲಿ 2023ರಲ್ಲೂ ಹೇಳಿದೆ. ವಿಲ್ ಬರೆಯಲು ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಇಷ್ಟು ಸುಲಭದ ಕೆಲಸ ಸಾವಿನ ಮಾತು ಅಪಶಕುನವೆಂಬ ಸಂಕೋಚಕ್ಕೆ ನಿಂತುಹೋಗುತ್ತದೆ. ಆ ಸಂಕೋಚದ ಬೆಲೆ ತೆರುವವಳು ಹೆಂಡತಿ.

ಇಷ್ಟೆಲ್ಲ ಎಣಿಸುತ್ತ ಕುಳಿತರೆ ಕೆಲಸ ಬಿಡುವ ದಿನ ಬರುವುದೇ ಇಲ್ಲ, ಕಾಲು ಗಟ್ಟಿಯಿರುವಾಗ ಒಟ್ಟಿಗೆ ಒಂದು ಯಾತ್ರೆಗೂ ಹೋಗಲಾರದೆ ಬದುಕು ಮುಗಿಯುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. 90ರವರೆಗೆ ಎಲ್ಲರೂ ಬದುಕುವುದಿಲ್ಲ. ಆದರೆ ಕೊರತೆ ಕಂಡಾಗ ಮಾಡಬೇಕಾದ ಬದಲಾವಣೆ ಅಷ್ಟು ದೊಡ್ಡದಲ್ಲ. ಎರಡು ವರ್ಷ ಹೆಚ್ಚು ದುಡಿದರೆ ಆ ಅವಧಿಯಲ್ಲಿ ಗಂಟಿನಿಂದ ತೆಗೆಯಬೇಕಿದ್ದ 9.6 ಲಕ್ಷ ಹಾಗೇ ಉಳಿಯುತ್ತದೆ. ವರ್ಷಕ್ಕೆ 3 ಲಕ್ಷ ಉಳಿಸಿದರೆ ಇನ್ನೂ 6 ಲಕ್ಷ ಸೇರುತ್ತದೆ. ನೌಕರರ ಪಿಂಚಣಿಯನ್ನು 58ಕ್ಕೆ ಪಡೆಯದೆ 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ. 4ರಂತೆ ಅದು ಏರುತ್ತದೆ. ಪೂರ್ಣಾವಧಿ ಕೆಲಸ ಸಾಕಾದವರು ಲೆಕ್ಕಪತ್ರ, ಪಾಠ, ಸಲಹೆಯಂಥ ಅರೆಕಾಲದ ದುಡಿಮೆಯಲ್ಲಿ ತಿಂಗಳಿಗೆ 20 ಸಾವಿರ ತಂದರೂ ಐದು ವರ್ಷಕ್ಕೆ 12 ಲಕ್ಷ. ಇನ್ನು ದೀರ್ಘಾಯುಸ್ಸು ಯಾರಿಗೆ ಬರುತ್ತದೆಂದು ತಿಳಿಯದ್ದಕ್ಕೆ ಉತ್ತರ ಎಲ್ಲರೂ ಹೊಟ್ಟೆ ಕಟ್ಟಿ ಕೂಡಿಡುವುದಲ್ಲ. ಗಂಟಿನ ಒಂದು ಪಾಲಿಗೆ ಇಬ್ಬರ ಆಯುಸ್ಸಿಗೂ ಬರುವ ವರ್ಷಾಸನ ಕೊಂಡರೆ, ಎಷ್ಟೇ ವರ್ಷ ಬದುಕಿದರೂ ಅಕ್ಕಿ ಬೇಳೆಯ ಖರ್ಚಿಗೆ ತಳವಿರುತ್ತದೆ. ಉಳಿದದ್ದನ್ನು ಇಬ್ಬರೂ ನಿರಾತಂಕವಾಗಿ ಬಳಸಬಹುದು. ಆರೋಗ್ಯ ವಿಮೆಯೂ ಇದೇ ಸಾಲಿನದು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ. ಹೊಸ ಪಾಲಿಸಿ ಕೊಳ್ಳಲು ಇದ್ದ 65ರ ವಯೋಮಿತಿಯನ್ನು ವಿಮಾ ಪ್ರಾಧಿಕಾರ 2024ರಲ್ಲಿ ತೆಗೆಯಿತು, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಆದರೆ ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದಾದ್ದರಿಂದ ಕೆಲಸದಲ್ಲಿರುವಾಗಲೇ, ಹೆಂಡತಿಯ ಹೆಸರಿನಲ್ಲಿ ಪ್ರತ್ಯೇಕವಾಗಿಯೇ, ಕೊಂಡಿರಬೇಕು.

ನಿವೃತ್ತಿಯಾದ ಮೇಲೆ ಹಣವನ್ನು ನಡೆಸುವ ರೀತಿಯೂ ಇದೇ ದೃಷ್ಟಿಯಿಂದ ತೀರ್ಮಾನವಾಗಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಿಂದ ಬಡ್ಡಿ ಶೇ. 8.2, ಅಂದರೆ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500. ಹೆಂಡತಿಗೆ 60 ಆಗಿರದಿದ್ದರೂ ಜಂಟಿ ಖಾತೆದಾರಳಾಗಬಹುದು, ಗಂಡನ ನಂತರ ಖಾತೆಯನ್ನು ಅವಧಿಯವರೆಗೆ ಮುಂದುವರಿಸಬಹುದು. 60 ತುಂಬಿದ ಮೇಲೆ ಅವಳ ಹೆಸರಿನಲ್ಲೇ ಇನ್ನೊಂದು ತೆರೆಯಬಹುದು. ಬಡ್ಡಿ ಐದು ವರ್ಷಕ್ಕೆ ಸ್ಥಿರ, ಆಮೇಲೆ ಆಗಿನ ದರ. 2020ರ ಏಪ್ರಿಲ್‌ನಲ್ಲಿ ಅದು ಒಂದೇ ಸಲಕ್ಕೆ 8.6ರಿಂದ 7.4ಕ್ಕೆ ಇಳಿದದ್ದನ್ನು ಮರೆಯಬಾರದು. ಒಂದರ್ಧ ಶೇಕಡ ಹೆಚ್ಚು ಸಿಗುತ್ತದೆಂದು ಪರಿಚಯದ ಸಹಕಾರಿ ಬ್ಯಾಂಕಿಗೋ ಪತ್ತಿನ ಸಂಘಕ್ಕೋ ಇಡೀ ಗಂಟನ್ನು ಒಪ್ಪಿಸುವ ರೂಢಿ ಕರ್ನಾಟಕದಲ್ಲಿ ಬಲವಾಗಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, 35 ಸಾವಿರಕ್ಕಿಂತ ಹೆಚ್ಚು ತೆಗೆಯದಂತೆ ತಡೆದಾಗ ಬೀದಿಗೆ ಬಂದವರಲ್ಲಿ ನಿವೃತ್ತರೇ ಬಹಳ. ಠೇವಣಿ ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಪತ್ತಿನ ಸಹಕಾರ ಸಂಘಗಳಿಗೆ ಅದೂ ಇಲ್ಲ. ಮುಳುಗಿದ ಹಣವನ್ನು ಮತ್ತೆ ದುಡಿದು ತರುವ ಅವಕಾಶ 70ರ ವಿಧವೆಗೆ ಇರುವುದಿಲ್ಲ.

ಖಾತೆಗಳು ಜಂಟಿಯಾಗಿದ್ದು, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ನಡೆಸಬಹುದೆಂಬ ಷರತ್ತಿನ ಮೇಲಿದ್ದರೆ ಗಂಡ ತೀರಿಕೊಂಡ ವಾರದಲ್ಲಿ ಮನೆಖರ್ಚಿಗೆ ಯಾರ ಮುಂದೆಯೂ ಕೈ ಚಾಚಬೇಕಾಗುವುದಿಲ್ಲ. ಅದಕ್ಕಿಂತ ಮುಂಚೆ, ಇಬ್ಬರೂ ಗಟ್ಟಿಯಾಗಿರುವಾಗಲೇ ಎಫ್‌ಡಿ ನವೀಕರಿಸುವುದು, ವಿಮೆಯ ಕಂತು ಕಟ್ಟುವುದು, ಪಾಸ್‌ಬುಕ್ ತುಂಬಿಸುವುದು ಹೆಂಡತಿಯ ಕೈಯಿಂದ ಒಂದು ವರ್ಷವಾದರೂ ನಡೆದಿರಬೇಕು. ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗ ಕೇಳುವ ದಾಖಲೆಗಳನ್ನೂ ಈಗಲೇ ತೆಗೆದು ನೋಡಬೇಕು. ಹೆಂಡತಿಯ ಹೆಸರು ಆಧಾರ್‌ನಲ್ಲಿ ಒಂದು, ಪಿಎಫ್ ದಾಖಲೆಯಲ್ಲಿ ಇನ್ನೊಂದು, ತವರಿನ ಮನೆತನದ ಹೆಸರು ಒಂದರಲ್ಲಿ, ಗಂಡನ ಹೆಸರು ಮತ್ತೊಂದರಲ್ಲಿ, ಹುಟ್ಟಿದ ದಿನ ಎರಡು ಬಗೆ, ಹೀಗಿರುವುದು ಆ ತಲೆಮಾರಿನ ಹೆಂಗಸರ ವಿಷಯದಲ್ಲಿ ಬಹಳ ಸಾಮಾನ್ಯ. ಸದಸ್ಯ ಕೆಲಸದಲ್ಲಿರುವಾಗ ಅದನ್ನು ತಿದ್ದಿಸಲು ಅವನ ಅರ್ಜಿ ಮತ್ತು ಕಂಪನಿಯ ಒಪ್ಪಿಗೆ ಸಾಕು; ಅವನಿಲ್ಲವಾದ ಮೇಲೆ ಅದೇ ತಿದ್ದುಪಡಿಗೆ ಪ್ರಮಾಣಪತ್ರ, ನೋಟರಿ, ಕಚೇರಿಯಿಂದ ಕಚೇರಿಗೆ ಅಲೆದಾಟ ಎಲ್ಲವೂ ಅವಳ ಪಾಲಿಗೆ ಬರುತ್ತದೆ, ಪಿಂಚಣಿ ಅಲ್ಲಿಯವರೆಗೆ ನಿಂತಿರುತ್ತದೆ.